ಹಂಚಿನ ಮೇಲಿನ ಹೆಸರು ಹೋಯಿತು, ಸಭೆ ಉಳಿಯಿತು

ಮಳೆಗಾಲಕ್ಕೆ ಮೊದಲು ಹಂಚು ಇಳಿಸಿ, ಒಡೆದದ್ದನ್ನು ಬದಲಿಸಿ ಮತ್ತೆ ಹೊದಿಸುವುದು ಮಂಗಳೂರಿನ ಹಳೇ ಪದ್ಧತಿ. ಈಗ ಎಲ್ಲಾ ಕಡೆ ಕಾಂಕ್ರೀಟು. ಆದರೂ ಬಂದರಿನ ಕಡೆ ಹಂಚಿನ ಮಾಡಿನ ಅಂಗಡಿ ಅಲ್ಲೊಂದು ಇಲ್ಲೊಂದು ಉಂಟು. ಅಂಥ ಒಂದು ಅಂಗಡಿಯ ಮುಂದೆ ಮೊನ್ನೆ ಬಸ್ಸು ಕಾಯುತ್ತಾ ನಿಂತಿದ್ದೆವು. ಆಳು ಮೇಲಿನಿಂದ ಹಂಚು ಇಳಿಸುತ್ತಿದ್ದ. ಅಂಗಡಿಯ ಯಜಮಾನರು ಕೆಳಗೆ ಲೆಕ್ಕ ಮಾಡಿ ಜೋಡಿಸುತ್ತಿದ್ದರು.

“ಇದ್ರಲ್ಲಿ ಎಂತ ಬರ್ದದ್ದು ನೋಡಿ ಮಾರಾಯ್ರೆ, ನನಗೆ ಕನ್ನಡಕ ಇಲ್ಲ” ಎಂದು ಎರಡು ಹಂಚು ನಮ್ಮ ಕೈಗೆ ಕೊಟ್ಟರು.

ಧೂಳು ಒರೆಸಿ ನೋಡಿದೆವು. ಒಂದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬಾಸೆಲ್ ಮಿಶನ್ ಎಂದು ಮುದ್ರೆ. ಇನ್ನೊಂದರಲ್ಲಿ ಕಾಮನ್‌ವೆಲ್ತ್ ಎಂದು. ಎರಡೂ ಒಂದೇ ಜಾತಿಯ ಹಂಚು, ಅದೇ ಕೆಂಪು ಬಣ್ಣ. ಒಂದರ ಪಕ್ಕದಲ್ಲಿ ಇನ್ನೊಂದು ಜಗಳ ಇಲ್ಲದೆ ಕೂತು ಎಷ್ಟೋ ಮಳೆಗಾಲ ಕಳೆದಿವೆ.

“ಓ, ಕಂಪೆನಿ ಮಾರಿದ್ದಾ?” ಎಂದು ಕೇಳಿದರು ಯಜಮಾನರು.

ಮಾರಿದ್ದಲ್ಲ, ಸ್ವಾಮಿ. ಕಸಿದುಕೊಂಡದ್ದು. ಆ ಕಥೆ ಹೇಳುವಷ್ಟರಲ್ಲಿ ಬಸ್ಸು ಬಂತು. ಅರ್ಧಕ್ಕೆ ಬಿಟ್ಟ ಕಥೆಯನ್ನು ಇವತ್ತು ಇಲ್ಲಿ ಪೂರ್ತಿ ಮಾಡುತ್ತೇವೆ. ಯಾಕೆಂದರೆ ಇದು ಬರೇ ಹಂಚಿನ ಕಥೆ ಅಲ್ಲ. ಯಜಮಾನ ಎದ್ದು ಹೋದ ಮೇಲೆ ಮನೆ ಹೇಗೆ ನಿಲ್ಲುತ್ತದೆ ಎಂಬ ಕಥೆ. ಕ್ರೈಸ್ತರ ಸಭೆಯಲ್ಲಿ ನಡೆದದ್ದು. ಆದರೆ ಗಲ್ಲಾಪೆಟ್ಟಿಗೆಯ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡ ಪ್ರತಿಯೊಬ್ಬನಿಗೂ ಇದರಲ್ಲಿ ಒಂದು ಮಾತು ಉಂಟು.

ಎಲ್ಲಾ ಬೀಗದ ಕೈ ಒಂದೇ ಗೊಂಚಲಲ್ಲಿ

1834ರ ಅಕ್ಟೋಬರ್ ತಿಂಗಳು. ಸಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗು ಇಳಿದು ಮಂಗಳೂರಿಗೆ ಬಂದರು. ಇವರನ್ನು ಕಳಿಸಿದ ಸಂಸ್ಥೆ ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದ್ದು. ಅದರಿಂದಲೇ ಬಾಸೆಲ್ ಮಿಶನ್ ಎಂಬ ಹೆಸರು. ಕಚೇರಿ ಸ್ವಿಸ್ ಊರಿನಲ್ಲಿ ಇದ್ದರೂ ಕೆಲಸಕ್ಕೆ ಬಂದವರಲ್ಲಿ ಬಹಳ ಮಂದಿ ಪಕ್ಕದ ಜರ್ಮನಿಯವರು. ಈ ಸಣ್ಣ ವಿಷಯ ನೆನಪಿಡಿ, ಮುಂದೆ ಇದೇ ದೊಡ್ಡದಾಗುತ್ತದೆ.

ಅವರು ಮಾಡಿದ ಕೆಲಸ ನಮ್ಮೂರಿಗೆ ಹೊಸದಾಗಿ ಹೇಳಬೇಕಿಲ್ಲ. ಶಾಲೆ ತೆರೆದರು. ಅಚ್ಚುಕೂಟ ಹಾಕಿದರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತೆಗೆದರು. ಕನ್ನಡದ ಮೊದಲ ಪತ್ರಿಕೆ ಅದು. ನಮ್ಮಂಥ ಸಂಜೆ ಪತ್ರಿಕೆಯವರಿಗೆ ಅಜ್ಜನ ಅಜ್ಜ ಎನ್ನಬಹುದು. 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾದದ್ದೂ ಅದೇ ಪ್ರೆಸ್ಸಿನಲ್ಲಿ. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ನೇಯ್ಗೆ ಕಾರ್ಖಾನೆ ಅದಕ್ಕೂ ಮೊದಲಿನದು.

ಕಾರ್ಖಾನೆ ಯಾಕೆ ಬೇಕಿತ್ತು? ಮತ ಬದಲಿಸಿದವನು ಮನೆಯಿಂದ ಹೊರಗೆ, ಜಾತಿಯಿಂದ ಹೊರಗೆ, ಕುಲಕಸುಬಿನಿಂದಲೂ ಹೊರಗೆ. ಅವನಿಗೆ ಅನ್ನದ ದಾರಿ ಬೇಕು. ಮಿಶನ್ ಅವನಿಗೆ ಕೆಲಸ ಕೊಟ್ಟಿತು. ಇರುವುದಕ್ಕೆ ಮಿಶನ್ ಜಾಗದಲ್ಲಿ ಮನೆ, ಮಕ್ಕಳಿಗೆ ಮಿಶನ್ ಶಾಲೆ, ಭಾನುವಾರ ಮಿಶನ್ ದೇವಾಲಯ.

ಒಳ್ಳೆಯದೇ. ಆದರೆ ಓದುಗರೇ, ಒಂದು ಕ್ಷಣ ವ್ಯಾಪಾರಸ್ಥರ ಕಣ್ಣಿನಿಂದ ನೋಡಿ. ಸಂಬಳ ಕೊಡುವವನು, ಮನೆ ಕೊಟ್ಟವನು, ಶಾಲೆ ನಡೆಸುವವನು, ಪ್ರಸಂಗ ಮಾಡುವವನು, ತಪ್ಪು ಮಾಡಿದರೆ ವಿಚಾರಿಸುವವನು, ಎಲ್ಲಾ ಒಂದೇ ಮಿಶನ್. ಅದರ ತುದಿಯಲ್ಲಿ ಕೂತವನು ಒಬ್ಬ ಯುರೋಪಿನ ದೊರೆ. ಎಲ್ಲಾ ಬೀಗದ ಕೈ ಒಂದೇ ಗೊಂಚಲಲ್ಲಿ, ಗೊಂಚಲು ಒಬ್ಬನ ಸೊಂಟದಲ್ಲಿ. ಆ ಸೊಂಟ ಊರು ಬಿಟ್ಟರೆ?

ಊರಿನವರಿಗೆ ಯೋಗ್ಯತೆ ಇರಲಿಲ್ಲ ಎನ್ನುವಂತಿಲ್ಲ. ಮಂಗಳೂರಿನ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾದರು. ಹರ್ಮನ್ ಆನಂದರಾವ್ ಎಂದು ಹೆಸರಾಯಿತು. ಬಾಸೆಲಿಗೇ ಹೋಗಿ ಓದಿ 1851ರಲ್ಲಿ ದೀಕ್ಷೆ ಪಡೆದು ಬಂದರು. ಕೊಡಗಿನ ಆನಂದಪುರ ಅವರ ಹೆಸರಿನ ಊರು. 1893ರಲ್ಲಿ ತೀರಿಕೊಂಡರು. ಅಂದರೆ ಯುರೋಪಿನವರ ಸಮಕ್ಕೆ ನಿಲ್ಲಬಲ್ಲ ಮನುಷ್ಯ ಈ ಮಣ್ಣಿನಲ್ಲಿ ಇದ್ದಾನೆಂದು ಮಿಶನ್‌ಗೆ 60 ವರ್ಷ ಮೊದಲೇ ಗೊತ್ತಿತ್ತು. ಆದರೆ ಕೌಂಡಿನ್ಯರು ಅಪವಾದವಾಗಿ ಉಳಿದರು. ಊರಿನ ಪಾದ್ರಿಗಳಿಗೆ ಸಭೆ ನೋಡಿಕೊಳ್ಳುವ ಕೆಲಸ ಸಿಕ್ಕಿತು, ಗಲ್ಲಾಪೆಟ್ಟಿಗೆಯ ಕೀಲಿಕೈ ಸಿಗಲಿಲ್ಲ. “ಇನ್ನೂ ಸ್ವಲ್ಪ ಕಾಲ ಹೋಗಲಿ” ಎಂಬ ಮಾತು ನಮ್ಮ ಮನೆಗಳಲ್ಲೂ ಹೊಸದಲ್ಲವಲ್ಲ. ಮಗನಿಗೆ 50 ವರ್ಷ ತುಂಬಿದರೂ ಅಪ್ಪನಿಗೆ ಅವನು ಹುಡುಗನೇ.

ಎಮ್ಡನ್ ಬಂದ ವರ್ಷ

1914ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧ ಹತ್ತಿಕೊಂಡಿತು. ಸೆಪ್ಟೆಂಬರಿನಲ್ಲಿ ಎಮ್ಡನ್ ಎಂಬ ಜರ್ಮನ್ ಯುದ್ಧನೌಕೆ ಮದ್ರಾಸಿನ ಮೇಲೆ ಗುಂಡು ಹಾರಿಸಿ ಎಣ್ಣೆ ಟ್ಯಾಂಕಿಗೆ ಬೆಂಕಿ ಹಚ್ಚಿತು. ಕರಾವಳಿಯೆಲ್ಲಾ ಗಡಗಡ. ಬ್ರಿಟಿಷ್ ಸರಕಾರಕ್ಕೆ ಜರ್ಮನ್ ಮಾತನಾಡುವವನೆಲ್ಲಾ ಗೂಢಚಾರನಂತೆ ಕಾಣಲು ಶುರುವಾಯಿತು. 20 ವರ್ಷ, 30 ವರ್ಷ ಇಲ್ಲೇ ಇದ್ದು ಕನ್ನಡ, ತುಳು ಮಾತಾಡಿಕೊಂಡಿದ್ದ ಪಾದ್ರಿಯೂ ಶತ್ರು ದೇಶದವನಾದ.

ಜರ್ಮನ್ ಮಿಶನರಿಗಳಲ್ಲಿ ಯುದ್ಧಕ್ಕೆ ಹೋಗುವ ವಯಸ್ಸಿನವರನ್ನು ಅಹಮದ್‌ನಗರದ ಬಂದಿ ಶಿಬಿರಕ್ಕೆ ಕಳಿಸಿದರು. 1915ರ ಕೊನೆಯಲ್ಲೂ 1916ರಲ್ಲೂ ಗೋಲ್ಕೊಂಡಾ ಎಂಬ ಹಡಗಿನಲ್ಲಿ ಭಾರತದ ಬೇರೆ ಬೇರೆ ಕಡೆಯ ಜರ್ಮನ್ ಮಿಶನರಿಗಳನ್ನು, ಹೆಂಗಸರು ಮಕ್ಕಳ ಸಮೇತ, ಯುರೋಪಿಗೆ ಸಾಗಹಾಕಿದರು. 80 ವರ್ಷ ಕಟ್ಟಿದ ಆಡಳಿತ ಎರಡು ವರ್ಷದಲ್ಲಿ ಖಾಲಿ.

ಈಗ ಮೂರು ವಿಷಯ ಬೇರೆ ಬೇರೆಯಾಗಿ ನೋಡಬೇಕು. ಕಾರ್ಖಾನೆ, ಶಾಲೆ, ಸಭೆ. ಮೂರೂ ಒಂದೇ ದಿನ ಯಜಮಾನನನ್ನು ಕಳಕೊಂಡವು. ಮೂರರ ಗತಿ ಮಾತ್ರ ಒಂದೇ ಆಗಲಿಲ್ಲ.

ಕಾರ್ಖಾನೆಗೆ ಊರಿನವರಲ್ಲಿ ವಾರಸುದಾರರು ಇರಲಿಲ್ಲ. ಮಣ್ಣು ಕಲಸುವವರು, ಒಲೆ ಕಾಯುವವರು, ಮಗ್ಗ ನಡೆಸುವವರು, ಮೇಸ್ತ್ರಿಗಳು ಎಲ್ಲಾ ಊರಿನವರೇ. ಆದರೆ ಬಂಡವಾಳ ಬಾಸೆಲಿನ ವ್ಯಾಪಾರ ಕಂಪೆನಿಯದ್ದು, ಆಡಳಿತ ಅವರದ್ದೇ. ಸರಕಾರ ಅದನ್ನು ಶತ್ರುವಿನ ಆಸ್ತಿ ಎಂದು ಮುಟ್ಟುಗೋಲು ಹಾಕಿ, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪೆನಿಗೆ ವಹಿಸಿತು. ಅಚ್ಚಿನ ಮುದ್ರೆ ಬದಲಾಯಿತು. ನಮ್ಮ ಯಜಮಾನರ ಅಂಗಡಿಯ ಎರಡನೇ ಹಂಚು ಆ ಮುದ್ರೆಯದ್ದು. ಮಣ್ಣು ಅದೇ, ಬೆವರೂ ಅದೇ. ಹೆಸರು ಮಾತ್ರ ಬೇರೆ ದೊರೆಯದ್ದು. ಕೆಲಸಗಾರನನ್ನು ಯಾರೂ ಒಂದು ಮಾತು ಕೇಳಿರಲಿಕ್ಕಿಲ್ಲ.

ಶಾಲೆ ಅಷ್ಟು ಸುಲಭವಾಗಿ ಕೈಬಿಟ್ಟು ಹೋಗಲಿಲ್ಲ. ಸರಕಾರದ ಸಹಾಯಧನ ಇತ್ತು. ಅದಕ್ಕಿಂತ ಮುಖ್ಯ, ಮಾಸ್ಟ್ರುಗಳು ಊರಿನವರು. ದೊರೆ ಹೋದ ಮರುದಿನವೂ ಗಂಟೆ ಹೊಡೆಯುವುದಕ್ಕೆ, ಹಾಜರಿ ಕರೆಯುವುದಕ್ಕೆ ಜನ ಇತ್ತು.

ಸಭೆಯ ಕಥೆ ಇನ್ನೂ ಗಟ್ಟಿ. ಸಭೆ ಎಂದರೆ ಇಲ್ಲಿ ಮೀಟಿಂಗ್ ಅಲ್ಲ, ಒಂದು ದೇವಾಲಯಕ್ಕೆ ಸೇರಿದ ಜನರ ಗುಂಪು. ಬಲ್ಮಠದ ಗುಡ್ಡದ ಮೇಲೆ 1847ರಿಂದ ದೇವಜ್ಞಾನ ಶಾಲೆ ಇತ್ತು. ಅಲ್ಲಿ ಕಲಿತ ಊರಿನ ಪಾದ್ರಿಗಳು, ಉಪದೇಶಿಗಳು ಮಂಗಳೂರು, ಉಡುಪಿ, ಮೂಲ್ಕಿ, ಕೊಡಗು, ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿ ಕಡೆಯ ಸಭೆಗಳಲ್ಲಿ ಮೊದಲೇ ಹರಡಿದ್ದರು. ಮನೆಮನೆಗೆ ಹೋಗಿ ಹೆಂಗಸರಿಗೆ ಅಕ್ಷರ, ಬೈಬಲ್ ಕಲಿಸುವ ಸ್ತ್ರೀಯರಿದ್ದರು. ಹೆಣ ಹೂಳುವುದಕ್ಕೆ, ಮದುವೆ ಮಾಡಿಸುವುದಕ್ಕೆ, ಕಾಯಿಲೆಯವನ ಹತ್ತಿರ ಕೂತು ಪ್ರಾರ್ಥನೆ ಮಾಡುವುದಕ್ಕೆ ಇವರೇ. ಮೇಲ್ವಿಚಾರಣೆಗೆ ಆಮೇಲೆ ಬೇರೆ ಬೇರೆ ಕಡೆ ಬೇರೆ ಬೇರೆ ಸಂಸ್ಥೆ ಬಂತು. ಈ ಕಡೆಗೆ ಫ್ರೆಂಚ್ ಮಾತಾಡುವ ಸ್ವಿಸ್ಸರು ಕಟ್ಟಿದ ಕೆನರೀಸ್ ಇವಾಂಜಲಿಕಲ್ ಮಿಶನ್ ಬಂದು ಕೆಲವು ಕಾಲ ನೋಡಿಕೊಂಡಿತು. ಆದರೆ ನಡುವಿನ ಆ ಕಷ್ಟದ ದಿನಗಳಲ್ಲಿ ಭಾನುವಾರ ಗಂಟೆ ನಿಲ್ಲದ ಹಾಗೆ ನೋಡಿಕೊಂಡವರು ಊರಿನವರು. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಹಂಚಿನ ಮೇಲೂ ಇಲ್ಲ.

ಲೆಕ್ಕ ನೇರವಾಗಿ ಉಂಟು ನೋಡಿ. ಎಲ್ಲಿ ಊರಿನವರ ಕೈಗೆ ಮೊದಲೇ ಕೆಲಸ ಬಂದಿತ್ತೋ ಅಲ್ಲಿ ಉಳಿಯಿತು. ಎಲ್ಲಿ ದೊರೆ ಒಬ್ಬನೇ ಕೀಲಿಕೈ ಇಟ್ಟುಕೊಂಡಿದ್ದನೋ ಅಲ್ಲಿ ಬೇರೆಯವನು ಬಂದು ಬೀಗ ಹಾಕಿದ.

ಆ ಕಾಲ ಎಂಥ ಮನುಷ್ಯರನ್ನು ಬೆಳೆಸಿತು ಎಂಬುದಕ್ಕೆ ಒಂದು ಹೆಸರು ಸಾಕು, ಉತ್ತಂಗಿ ಚನ್ನಪ್ಪನವರು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದವರು, ಬಾಸೆಲ್ ಮಿಶನ್ನಿನ ಪಾದ್ರಿ. ಉತ್ತರ ಕರ್ನಾಟಕದ ಹಳ್ಳಿ ಹಳ್ಳಿ ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪುಸ್ತಕ ತಂದರು. 1949ರಲ್ಲಿ ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷ ಪೀಠದಲ್ಲಿ ಕೂತವರು ಈ ಪಾದ್ರಿಗಳೇ. ತನ್ನವರ ಸಭೆಗೂ ಬೇಕಾದವನು, ಊರಿನ ಎಲ್ಲರಿಗೂ ಬೇಕಾದವನು. ದೂರದಿಂದ ಬಂದ ಮುಂದಾಳಿಗೆ ಈ ಎರಡನೇ ಮಾತು ಸುಲಭಕ್ಕೆ ಸಿಗುವುದಿಲ್ಲ.

1920ರ ದಶಕದಲ್ಲಿ ಬಾಸೆಲಿನವರು ತಿರುಗಿ ಬಂದರು. ಆದರೆ ಬಿಟ್ಟು ಹೋದ ಮನೆ ಅದಾಗಿರಲಿಲ್ಲ. ಒಮ್ಮೆ ತಾನೇ ಅಂಗಡಿ ನಡೆಸಿದ ಮಗನನ್ನು ಮತ್ತೆ ಪೊಟ್ಟಣ ಕಟ್ಟಲು ಕೂರಿಸಲಾಗುವುದಿಲ್ಲ. ಎರಡು ಯುದ್ಧಗಳ ನಡುವೆ ಸಭೆಗಳ ಆಡಳಿತ ಮೆಲ್ಲ ಮೆಲ್ಲ ಊರಿನವರ ಕೈಗೆ ಬಂತು. 1939ರಲ್ಲಿ ಎರಡನೇ ಯುದ್ಧ ಬಂದು ಜರ್ಮನರನ್ನು ಮತ್ತೆ ಬಂಧಿಸಿದಾಗ ಮೊದಲಿನ ಗಾಬರಿ ಇರಲಿಲ್ಲ. ಒಮ್ಮೆ ಮುಳುಗಿದವನು ಎರಡನೇ ಸಲಕ್ಕೆ ಈಜು ಕಲಿತಿದ್ದ.

ಇನ್ನೊಂದು ಗುಡ್ಡದ ಕಥೆ

ಬಲ್ಮಠದಲ್ಲಿ ಹೀಗಾದರೆ, ನಮ್ಮೂರ ಕಥೋಲಿಕರಲ್ಲಿ ಬೇರೆ ರೀತಿ ಆಯಿತು. 1878ರ ಕೊನೆಗೆ ಇಟಲಿಯ ಜೆಸುಯಿಟ್ ಪಾದ್ರಿಗಳು ಮಂಗಳೂರಿಗೆ ಬಂದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು. ಅದೇ ವರ್ಷ ಕಂಕನಾಡಿಯಲ್ಲಿ ಮುಲ್ಲರ್ ಪಾದ್ರಿಗಳು ಮರದ ಕೆಳಗೆ ಔಷಧಿ ಕೊಡಲು ಶುರುಮಾಡಿದರು ಎನ್ನುತ್ತಾರೆ. ಇವತ್ತಿನ ದೊಡ್ಡ ಆಸ್ಪತ್ರೆಯ ಬೇರು ಅದು. ಧರ್ಮಪ್ರಾಂತ್ಯದ ಆಡಳಿತವೂ ಅವರ ಕೈಯಲ್ಲೇ.

1923ರಲ್ಲಿ ಕಲ್ಲಿಕೋಟೆಯನ್ನು ಬೇರೆ ಧರ್ಮಪ್ರಾಂತ್ಯ ಮಾಡಿದರು. ಮಂಗಳೂರಿನ ಬಿಷಪ್ ಆಗಿದ್ದ ಪಾವ್ಲ್ ಪೆರಿನಿ ಅವರು ಅಲ್ಲಿಗೆ ಮೊದಲ ಬಿಷಪರಾಗಿ ಹೋದರು. ಮಂಗಳೂರು ಊರಿನ ಪಾದ್ರಿಗಳ ಪಾಲಿಗೆ ಬಂತು. 1928ರಲ್ಲಿ ವಲೇರಿಯನ್ ಡಿಸೋಜರು ಬಿಷಪ್ ಆದರು. ಊರಿನವರೇ ಪೀಠದಲ್ಲಿ ಕೂತದ್ದು ಅದೇ ಮೊದಲು. ಎರಡು ವರ್ಷದಲ್ಲಿ ಅವರು ತೀರಿಕೊಂಡರು. ಆದರೂ ಪೀಠ ಅಲುಗಾಡಲಿಲ್ಲ. 1931ರಲ್ಲಿ ವಿಕ್ಟರ್ ಫೆರ್ನಾಂಡಿಸರು ಬಂದು 20 ವರ್ಷಕ್ಕೂ ಮೇಲ್ಪಟ್ಟು ನಡೆಸಿದರು.

ಇಲ್ಲಿ ಯಾರೂ ಯಾರನ್ನೂ ಹಡಗು ಹತ್ತಿಸಲಿಲ್ಲ. ಕಟ್ಟಿದವರೇ ಬಿಟ್ಟುಕೊಟ್ಟು ಹೊಸ ಜಾಗಕ್ಕೆ ಹೋಗಿ ಮತ್ತೆ ಮೊದಲಿನಿಂದ ಶುರುಮಾಡಿದರು. ಕಾಲೇಜು ಮಾತ್ರ ಜೆಸುಯಿಟರ ಕೈಯಲ್ಲೇ ಉಳಿಯಿತು. ಒಂದು ಗುಡ್ಡದಲ್ಲಿ ಪೋಲೀಸರು ಬಂದು ಕೀಲಿಕೈ ತೆಗೆದುಕೊಂಡರು. ಇನ್ನೊಂದರಲ್ಲಿ ಕೂತವರೇ ಎದ್ದು ಕೊಟ್ಟರು. ಎರಡು ಗುಡ್ಡದ ನಡುವೆ ನಡೆದು ಹೋಗುವಷ್ಟೇ ದೂರ.

28 ವರ್ಷದ ಪಂಚಾಯಿತಿ

ಇನ್ನು ಮದ್ರಾಸಿಗೆ ಹೋಗೋಣ. 1919ರಲ್ಲಿ ತರಂಗಂಬಾಡಿಯಲ್ಲಿ ಕೆಲವು ಪಾದ್ರಿಗಳು ಸೇರಿದರು, ಹೆಚ್ಚಿನವರು ಭಾರತೀಯರೇ. ಅವರ ಮಾತು ಸರಳ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಯಾವಾಗಲೋ ಆದ ಜಗಳಕ್ಕೆ ಇಲ್ಲಿನ ಕ್ರೈಸ್ತರು ಯಾಕೆ ಬೇರೆ ಬೇರೆ ಹೆಸರು ಹೊತ್ತು ತಿರುಗಬೇಕು? ಒಂದೇ ಸಭೆ ಆಗಬಾರದೇ?

ಅವರಲ್ಲಿ ಮುಖ್ಯರು ವಿ. ಎಸ್. ಅಜರಯ್ಯ. ತಿರುನೆಲ್ವೇಲಿ ಕಡೆಯವರು. 1912ರಲ್ಲಿ ಅವರಿಗೆ ದೋರ್ಣಕಲ್ಲಿನ ಬಿಷಪ್ ದೀಕ್ಷೆ ಆಯಿತು. ಆಂಗ್ಲಿಕನ್ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯ. ದೊರೆಗಳ ಕಾಲದಲ್ಲಿ ಕರಿಯ ಬಿಷಪನ ಕೆಳಗೆ ಬಿಳಿಯ ಪಾದ್ರಿ ಕೆಲಸ ಮಾಡುವುದೇ ಎಂದು ಗೊಣಗಿದವರು ಕಡಿಮೆ ಇರಲಿಲ್ಲ.

ಒಂದಾಗುವುದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ. ದೊಡ್ಡ ತಕರಾರು ಇಷ್ಟು: ಬಿಷಪ್ ಕೈಯಿಟ್ಟು ದೀಕ್ಷೆ ಕೊಟ್ಟರೆ ಮಾತ್ರ ಪಾದ್ರಿ ಎಂದರು ಆಂಗ್ಲಿಕನರು. ನಮ್ಮಲ್ಲಿ ಬಿಷಪೇ ಇಲ್ಲ, ಹಾಗಾದರೆ ನಮ್ಮ ಹಿರಿಯ ಪಾದ್ರಿಗಳೆಲ್ಲಾ ಪಾದ್ರಿಗಳೇ ಅಲ್ಲವೋ ಎಂದರು ಉಳಿದವರು. ಇದಕ್ಕೆ ಪರಿಹಾರ ಹುಡುಕಲು 28 ವರ್ಷ ಹಿಡಿಯಿತು. ಕೊನೆಗೆ ಬಂದ ರಾಜಿ ನಮ್ಮ ವ್ಯಾಪಾರದವರು ಮೆಚ್ಚುವಂಥದ್ದು. ಈಗ ಇರುವ ಪಾದ್ರಿಗಳೆಲ್ಲಾ ಹಾಗೇ ಪಾದ್ರಿಗಳು, ಯಾರಿಗೂ ಮತ್ತೆ ದೀಕ್ಷೆ ಬೇಡ. ಇನ್ನು ಮುಂದೆ ಹೊಸಬರಿಗೆ ಬಿಷಪರೇ ದೀಕ್ಷೆ ಕೊಡುವುದು. ಯಾವ ಸಭೆಯ ಮೇಲೂ ಅವರ ಮನಸ್ಸಿಗೆ ಒಗ್ಗದ ಪಾದ್ರಿಯನ್ನು ಹೇರುವುದಿಲ್ಲ. ಎರಡೂ ಒಗ್ಗಿಕೊಳ್ಳಲಿಕ್ಕೆ 30 ವರ್ಷದ ಅವಧಿ. ಹಳಬರ ಮರ್ಯಾದೆಯೂ ಉಳಿಯಿತು, ಹೊಸ ಕಾನೂನೂ ಬಂತು.

1947ರ ಸೆಪ್ಟೆಂಬರ್ 27. ಸ್ವಾತಂತ್ರ್ಯ ಬಂದು ಆರು ವಾರ. ಮದ್ರಾಸಿನ ಸಂತ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ನಮ್ಮ ಬಾಯಿಯ ಸಿ.ಎಸ್.ಐ., ಹುಟ್ಟಿತು. ಅಧ್ಯಕ್ಷತೆ ವಹಿಸಿದವರು ತಿರುವಾಂಕೂರು-ಕೊಚ್ಚಿಯ ಬಿಷಪ್ ಸಿ. ಕೆ. ಜೇಕಬ್. ಒಟ್ಟು 14 ಧರ್ಮಪ್ರಾಂತ್ಯ, ಅದಕ್ಕೆ ಅವತ್ತೇ 9 ಮಂದಿ ಹೊಸ ಬಿಷಪರ ದೀಕ್ಷೆ.

ಅಜರಯ್ಯನವರು ಅಲ್ಲಿ ಇರಲಿಲ್ಲ. 1945ರ ಜನವರಿ 1ರಂದೇ ತೀರಿಕೊಂಡಿದ್ದರು. ಕಟ್ಟಿದವರಲ್ಲಿ ಮೊದಲಿಗ ಗೃಹಪ್ರವೇಶ ನೋಡಲಿಲ್ಲ. ಆದರೆ ಗೃಹಪ್ರವೇಶ ನಿಲ್ಲಲಿಲ್ಲ. ತಾನಿಲ್ಲದೆ ನಡೆಯುವಂತೆ ಕೆಲಸ ಮಾಡಿಟ್ಟದ್ದೇ ಆ ಮನುಷ್ಯನ ದೊಡ್ಡತನ.

ಮೈಸೂರು ಧರ್ಮಪ್ರಾಂತ್ಯಕ್ಕೆ ಮೊದಲ ಬಿಷಪ್ ಆದವರು ಕನ್ನಡಿಗರಾದ ಪಿ. ಗುರುಶಾಂತರು. ಅವರ ನಂತರ ಬಂದವರು ಇಂಗ್ಲಿಷರು, ನಾರ್ಮನ್ ಸಾರ್ಜಂಟ್. ಇದೆಂತ ಉಲ್ಟಾ ಎಂದು ಅನಿಸಬಹುದು. ಆದರೆ ವ್ಯತ್ಯಾಸ ಗಮನಿಸಿ. ಹಿಂದೆ ದೊರೆಯನ್ನು ಕಳಿಸುತ್ತಿದ್ದದ್ದು ಹೊರದೇಶದ ಕಚೇರಿ. ಈಗ ಇಲ್ಲಿನ ಸಭೆಯೇ ಆರಿಸಿ ಕೂರಿಸಿದ ಪೀಠ. ಚರ್ಮದ ಬಣ್ಣ ಮುಖ್ಯ ಅಲ್ಲ, ಕೀಲಿಕೈ ಯಾರು ಕೊಟ್ಟರು ಎಂಬುದು ಮುಖ್ಯ. 1970ರಲ್ಲಿ ಆ ದೊಡ್ಡ ಧರ್ಮಪ್ರಾಂತ್ಯವನ್ನು ಮೂರು ಮಾಡಿದರು. ಮಧ್ಯ ಬೆಂಗಳೂರಿಗೆ, ಉತ್ತರ ಧಾರವಾಡಕ್ಕೆ, ದಕ್ಷಿಣ ನಮ್ಮ ಮಂಗಳೂರಿಗೆ.

ಬಾಸೆಲ್ ಸಭೆಗಳು ಮಾತ್ರ ಎಲ್ಲಾ ಒಟ್ಟಿಗೆ ಸೇರಲಿಲ್ಲ. ಮಲಬಾರಿನವು ಮೊದಲೇ ಸೇರಿದವು. ದಕ್ಷಿಣ ಕನ್ನಡ-ಕೊಡಗಿನವು 1950ರ ದಶಕದ ಕೊನೆಗೆ. ಹಿಂದಿನ ಬೊಂಬಾಯಿ ಕರ್ನಾಟಕದವು 1960ರ ದಶಕದಲ್ಲಿ. ಕೆಲವರು ಸೇರಲೇ ಇಲ್ಲ. ಜಾಗ ಯಾರದ್ದು, ಕಟ್ಟಡ ಯಾರದ್ದು ಎಂಬ ವ್ಯಾಜ್ಯ ಅಲ್ಲಲ್ಲಿ ಕೋರ್ಟಿಗೂ ಹೋಯಿತು. ಮನಸ್ಸು ಒಂದಾದ ಮೇಲೆ ಪತ್ರ ಮಾಡಬೇಕು. ಪತ್ರ ಮಾತ್ರ ಆಗಿ ಮನಸ್ಸು ಹಿಂದೆ ಉಳಿದರೆ ವಕೀಲರಿಗೆ ಕೆಲಸ.

ನಮ್ಮ ಕಾಲದಲ್ಲಿ

ಇದೆಲ್ಲಾ ಹಳೇ ಕಥೆ ಎಂದು ಪೇಪರು ಮಡಚಬೇಡಿ. ಕುರ್ಚಿ ಬಿಡುವ ಕಷ್ಟ ಇವತ್ತಿಗೂ ಹಾಗೇ ಉಂಟು.

ಸಿ.ಎಸ್.ಐ.ನಲ್ಲಿ ಬಿಷಪರನ್ನು ಆರಿಸುವ ಕ್ರಮ ಹೀಗೆ: ಧರ್ಮಪ್ರಾಂತ್ಯದ ಕೌನ್ಸಿಲು ಮತ ಹಾಕಿ ಕೆಲವು ಹೆಸರು ಕಳಿಸುತ್ತದೆ, ಮೇಲಿನ ಸಿನೊಡ್ ಅದರಲ್ಲಿ ಒಬ್ಬರನ್ನು ಆರಿಸುತ್ತದೆ. ಮತ ಎಂದ ಮೇಲೆ ಗುಂಪು, ಗುಂಪು ಎಂದ ಮೇಲೆ ಗುಸುಗುಸು. 2022ರಲ್ಲಿ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿ ತಂದಾಗ ವಿಷಯ ನೇರ ನ್ಯಾಯಾಲಯದ ಮೆಟ್ಟಿಲು ಹತ್ತಿತು. 28 ವರ್ಷ ತಾಳ್ಮೆಯಿಂದ ಮಾತಾಡಿ ಒಂದಾದವರ ಮನೆಯಲ್ಲಿ ಮೂರು ವರ್ಷದ ಅಧಿಕಾರಕ್ಕೆ ವಕಾಲತ್ತು!

ದೊಡ್ಡವರ ಮಾತು ಬಿಡಿ. ಸಣ್ಣ ಸಭೆಯಲ್ಲಿ ಪಾದ್ರಿಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಇರುತ್ತದೆ. ಹಿಂದೊಮ್ಮೆ ಪರಿಚಯದವರ ಜೊತೆ ಒಂದು ಬೀಳ್ಕೊಡುಗೆಗೆ ಹೋಗಿದ್ದೆವು. ಊರಿನ ಹೆಸರು ಬೇಡ. ಹಾರ, ಶಾಲು, ಭಾಷಣ, ಕಣ್ಣೀರು ಎಲ್ಲಾ ಆಯಿತು. ಊಟಕ್ಕೆ ಮೊದಲು ಹೊಸ ಅಯ್ಯನವರು ಮೆತ್ತಗೆ ಕೇಳಿದರು, “ಅಣ್ಣಾ, ರಿಜಿಸ್ಟರಿನ ಕಪಾಟಿನ ಕೀಲಿಕೈ?”

“ಅದು ಸೆಕ್ರೆಟ್ರಿಯವರ ಹತ್ರ ಉಂಟು.”

ಸೆಕ್ರೆಟ್ರಿ ಹೇಳಿದರು, “ಟ್ರೆಜರರ್ ಹತ್ರ.”

ಟ್ರೆಜರರ್ ಅವತ್ತು ಬಂದೇ ಇರಲಿಲ್ಲ. ಸಾಂಬಾರು ತಣ್ಣಗಾಯಿತು, ಮಾತು ಬಿಸಿಯಾಯಿತು. ಹಿಂದಿನವರ ಕಡೆಯವರು ಒಂದು ಬದಿ, ಹೊಸಬರು ಬರಲಿ ಎಂದವರು ಇನ್ನೊಂದು ಬದಿ. ಮದುವೆ, ಜನನ, ಮರಣ ಬರೆದಿಡುವ ಪುಸ್ತಕಕ್ಕೆ ಈ ಅವಸ್ಥೆ. ನಡುವೆ ಒಬ್ಬ ಹುಡುಗ ಪಾಸ್‌ಪೋರ್ಟಿಗೆ ಬ್ಯಾಪ್ಟಿಸಮ್ ಚೀಟಿ ಬೇಕು ಎಂದು ಎರಡು ವಾರ ತಿರುಗಿದ ಎಂದು ಆಮೇಲೆ ಕೇಳಿದೆವು. ದೊಡ್ಡವರ ಜಗಳದಲ್ಲಿ ಬಸ್ ಚಾರ್ಜು ಯಾವಾಗಲೂ ಸಣ್ಣವನದ್ದೇ.

ಇದಕ್ಕೆ ಎದುರಾಗಿ ರೋಮಿನ ಪದ್ಧತಿ ನೋಡಿ. 2013ರ ಫೆಬ್ರವರಿಯಲ್ಲಿ 16ನೇ ಬೆನೆಡಿಕ್ಟ್ ಪೋಪರು ವಯಸ್ಸಾಯಿತು, ಶಕ್ತಿ ಸಾಲದು ಎಂದು ತಾವಾಗಿಯೇ ಪೀಠ ಬಿಟ್ಟರು. ಅದಕ್ಕೆ ಮೊದಲು ಪೀಠ ಬಿಟ್ಟ ಪೋಪರೆಂದರೆ 1415ರಲ್ಲಿ 12ನೇ ಗ್ರೆಗೊರಿ. ಬೆನೆಡಿಕ್ಟರ ಮುದ್ರೆಯುಂಗುರದ ಮೇಲೆ ಗೀಟು ಹಾಕಿ ಅದನ್ನು ರದ್ದುಮಾಡಿದರು, ಮತ್ತೆ ಯಾರೂ ಆ ಮುದ್ರೆ ಒತ್ತಬಾರದೆಂದು. 2025ರ ಏಪ್ರಿಲ್ 21ರಂದು ಫ್ರಾನ್ಸಿಸ್ ಪೋಪರು ತೀರಿಕೊಂಡರು. ಮೇ 8ಕ್ಕೆ 14ನೇ ಲಿಯೊ ಆರಿಸಿ ಬಂದರು. ನಡುವೆ 17 ದಿನ. ಆ 17 ದಿನ ಯಾರು ಏನು ನೋಡಿಕೊಳ್ಳಬೇಕು, ಯಾರು ಏನನ್ನು ಮುಟ್ಟಬಾರದು ಎಂದು ಮೊದಲೇ ಬರೆದಿಟ್ಟದ್ದು ಉಂಟು. ಅಲ್ಲೂ ಮನುಷ್ಯರೇ, ಅಲ್ಲೂ ಗುಂಪು ಇಲ್ಲದೆ ಇಲ್ಲ. ಆದರೆ ಕೀಲಿಕೈ ಎಲ್ಲಿ ಎಂದು ಹುಡುಕುವ ಅವಸ್ಥೆ ಇಲ್ಲ.

ಸಮುವೇಲನ ಲೆಕ್ಕ

ಬೈಬಲಿನಲ್ಲಿ ಸಮುವೇಲ ಎಂಬ ಪ್ರವಾದಿಯ ಪ್ರಸ್ತಾಪ ಉಂಟು. ವಯಸ್ಸಾದ ಮೇಲೆ ತನ್ನ ಮಕ್ಕಳನ್ನೇ ನ್ಯಾಯಾಧಿಪತಿಗಳಾಗಿ ಕೂರಿಸಿದ. ಮಕ್ಕಳು ಲಂಚಕ್ಕೆ ಬಿದ್ದರು. ಜನ ಸಿಟ್ಟಾಗಿ ನಮಗೆ ಅರಸ ಬೇಕು ಎಂದರು. ಮುದುಕನಿಗೆ ಬೇಸರವಾಯಿತು. ಆದರೂ ಸೌಲನಿಗೆ ತಾನೇ ಅಭಿಷೇಕ ಮಾಡಿದ. ಆಮೇಲೆ ಜನರ ಮುಂದೆ ನಿಂತು ಲೆಕ್ಕ ಒಪ್ಪಿಸಿದ. ನಿಮ್ಮಲ್ಲಿ ಯಾರ ಎತ್ತನ್ನಾದರೂ ಹೊಡೆದುಕೊಂಡಿದ್ದೇನೆಯೇ, ಯಾರ ಕತ್ತೆಯನ್ನಾದರೂ ತೆಗೆದುಕೊಂಡಿದ್ದೇನೆಯೇ, ಯಾರಿಗಾದರೂ ಮೋಸ ಮಾಡಿದ್ದೇನೆಯೇ ಎಂಬ ಅರ್ಥದಲ್ಲಿ ಕೇಳಿದ. ಇಲ್ಲ ಎಂದರು ಜನ.

ಮಕ್ಕಳ ವಿಷಯದಲ್ಲಿ ಸಮುವೇಲ ಸೋತ. ಲೆಕ್ಕ ಒಪ್ಪಿಸುವುದರಲ್ಲಿ ಗೆದ್ದ. ನಮ್ಮ ಮುಂದಾಳುಗಳು, ಯಾವ ಮತದವರೇ ಆಗಲಿ, ಯಾವ ಸಂಘದವರೇ ಆಗಲಿ, ಮೊದಲನೆಯದನ್ನು ಬೇಗ ಕಲಿಯುತ್ತಾರೆ, ಎರಡನೆಯದನ್ನು ಬಿಡುತ್ತಾರೆ.

ಪ್ರಸಂಗ ಮಾಡುವುದು ನಮ್ಮ ಕೆಲಸ ಅಲ್ಲ. ಆದರೆ 1914ರ ಪಾಠವನ್ನು ಒಂದು ಚೀಟಿಯಲ್ಲಿ ಬರೆಯಬಹುದು. ಯಜಮಾನ ಇರುವಾಗಲೇ ಎರಡನೆಯವನ ಕೈಗೆ ಕೆಲಸ ಬರಲಿ. ಎಲ್ಲಾ ಕೀಲಿಕೈ ಒಂದೇ ಗೊಂಚಲಲ್ಲಿ ಬೇಡ. ಹೋಗುವ ದಿನ ಲೆಕ್ಕ ಎಲ್ಲರ ಮುಂದೆ ಇರಲಿ. ಹೋದ ಮೇಲೆ ಕಿಟಿಕಿಯಿಂದ ಇಣುಕುವುದು ಬೇಡ. ಪಾದ್ರಿಗೂ ಅದೇ, ಸೊಸೈಟಿ ಅಧ್ಯಕ್ಷರಿಗೂ ಅದೇ, ಅಂಗಡಿಯ ಹಿರಿಯರಿಗೂ ಅದೇ.

ನಿನ್ನೆ ಮತ್ತೆ ಅದೇ ಅಂಗಡಿಯ ಮುಂದೆ ಬಸ್ಸು ಕಾಯುತ್ತಿದ್ದೆವು. ಮಾಡು ಹೊದಿಸಿ ಆಗಿತ್ತು. ಗಲ್ಲೆಯಲ್ಲಿ ಯಜಮಾನರ ಬದಲು ಅವರ ಮಗ ಕೂತಿದ್ದ. ಯಜಮಾನರು ಹೊರಗೆ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

“ಏನು, ಇವತ್ತು ಹೊರಗೆ?” ಎಂದು ಕೇಳಿದೆವು.

“ಅವನಿಗೂ ಅಭ್ಯಾಸ ಆಗ್ಬೇಕಲ್ಲ ಮಾರಾಯ್ರೆ” ಎಂದರು. ಒಂದು ಕಣ್ಣು ಗಲ್ಲೆಯ ಕಡೆಗೇ ಇತ್ತು. ಆದರೂ ಎದ್ದು ಒಳಗೆ ಹೋಗಲಿಲ್ಲ.

“ಆ ಎರಡು ಹಂಚು?”

“ಹಾಕಿಸಿದೆ. ಎರಡೂ ಪಕ್ಕಪಕ್ಕದಲ್ಲೇ. ಸೋರುದಿಲ್ಲ.”